ಕಪ್ಪಿನ ಕೆಳಗಿನ ಮುಖ

ಕಳೆದ ವಾರ ನಮ್ಮ ಮನೆಯ ಮುಂಬಾಗಿಲಿಗೆ ಪಾಲಿಶ್ ಹಾಕಲು ಬಂದವನು ಟರ್ಪೆಂಟೈನ್ ಡಬ್ಬಿಯ ಮುಚ್ಚಳ ತೆಗೆದ. ನಾನು ಅಡಿಗೆಮನೆಯಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ವಾಸನೆ ಅಲ್ಲಿಯವರೆಗೂ ಬಂತು. ಮೊದಲು ಮೂಗಿನಲ್ಲಿ ಚುರುಗುಟ್ಟಿ, ಆಮೇಲೆ ಗಂಟಲಿಗಿಳಿದು ಸ್ವಲ್ಪ ಕಹಿಯಾಗುವ ವಾಸನೆ. ಈ ವಾಸನೆ ನನಗೆ ಹೊಸದೇನಲ್ಲ. ಆದರೂ ಆ ದಿನ ಯಾಕೋ ಕೈ ನಿಂತುಹೋಯಿತು. ಕುವೈತಿನ ಮೈದಾನ್ ಹವಲ್ಲಿಯ ಹಳೇ ಕಟ್ಟಡ, ಮೂರನೇ ಮಹಡಿ, ಎದುರುಮನೆಯ ಕಂದು ಬಾಗಿಲು... ಆ ಬಾಗಿಲು ತೆರೆದಾಗಲೆಲ್ಲ ಇದೇ ವಾಸನೆ ನಮ್ಮ ಮನೆಯೊಳಕ್ಕೆ ಬರುತ್ತಿತ್ತು.

ನಾನು ಹಾಸನದವಳು. ನನ್ನ ಗಂಡ ಮಂಗಳೂರಿನವರು, ಅವರ ಮನೆಮಾತು ತುಳು. ಕುವೈತಿನ ಒಂದು ಟ್ರೇಡಿಂಗ್ ಕಂಪನಿಯಲ್ಲಿ ಅವರು ಅಕೌಂಟೆಂಟ್ ಆಗಿದ್ದರು. ಮದುವೆಯಾಗಿ ನಾನು ಅಲ್ಲಿಗೆ ಹೋದಾಗ ನನಗೆ ತುಳುವೂ ಬರುತ್ತಿರಲಿಲ್ಲ, ಅರಬ್ಬಿಯೂ ಬರುತ್ತಿರಲಿಲ್ಲ. ನೆರೆಹೊರೆಯಲ್ಲಿ ನನಗೆ ಮೊದಲು ಸಿಕ್ಕ ಗೆಳತಿ ಎಂದರೆ ಎದುರುಮನೆಯಾಕೆ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಎತ್ತರದ ಹೆಂಗಸು, ಅರೆನರೆತ ಕೂದಲನ್ನು ಒಂದು ಹಳೇ ಬಟ್ಟೆಯಿಂದ ಎತ್ತಿ ಕಟ್ಟಿರುತ್ತಿದ್ದರು, ಉಗುರಿನ ಸಂದಿಯಲ್ಲಿ ಯಾವಾಗಲೂ ಏನಾದರೊಂದು ಬಣ್ಣ. ಗಂಡ ಪ್ಯಾಲೆಸ್ಟೀನಿನವರು. ಓದಲಿಕ್ಕೆಂದು ಕೀವ್‌ಗೆ ಹೋಗಿದ್ದಾಗ ಇವರನ್ನು ಮದುವೆಯಾಗಿ ಕರೆತಂದಿದ್ದರು. ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಸ್ಥಾವರದಲ್ಲಿ ಎಂಜಿನಿಯರ್. ಮಕ್ಕಳಿರಲಿಲ್ಲ.

ಕಟ್ಟಡದವರೆಲ್ಲ ಆಕೆಯನ್ನು 'ರೂಸಿಯಾ' ಎನ್ನುತ್ತಿದ್ದರು, ರಷ್ಯದವಳು ಎಂದು. ನಾನೂ ಮೊದಲ ದಿನ ಹಾಗೇ ಕೇಳಿಬಿಟ್ಟೆ. "ರಷ್ಯಾ ಅಲ್ಲ, ಉಕ್ರೇನ್" ಎಂದರು. ನನಗೆ ವ್ಯತ್ಯಾಸ ತಿಳಿಯಲಿಲ್ಲ. ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ನೀನು ಕೇರಳದವಳಾ?" ಎಂದು ಕೇಳಿದರು. "ಅಲ್ಲ, ನಾನು ಕರ್ನಾಟಕದವಳು" ಎಂದೆ, ಸ್ವಲ್ಪ ಜೋರಾಗಿಯೇ. ಆಗ ಆಕೆ ನಕ್ಕರು. ನನಗೂ ಅರ್ಥವಾಗಿ ನಗು ಬಂತು. ಅಲ್ಲಿಂದ ನಾನು ಅವರನ್ನು ಅಕ್ಕ ಎಂದು ಕರೆಯಲು ಶುರುಮಾಡಿದೆ. ಅವರು ನನ್ನನ್ನು 'ಹಬೀಬ್ತಿ' ಎನ್ನುತ್ತಿದ್ದರು, ನನ್ನ ಮುದ್ದಿನವಳೇ ಎಂದು. ನನ್ನ ಮುರುಕು ಇಂಗ್ಲಿಷ್, ಅವರ ಮುರುಕು ಇಂಗ್ಲಿಷ್, ನಡುವೆ ಒಂದಿಷ್ಟು ಅರಬ್ಬಿ, ಇಷ್ಟರಲ್ಲೇ ನಾವು ದಿನಗಟ್ಟಲೆ ಮಾತಾಡಿದೆವು.

ಅಕ್ಕ ಚಿತ್ರ ಬರೆಯುತ್ತಿದ್ದರು. ಅದೇ ಅವರ ಕೆಲಸ. ಶ್ರೀಮಂತ ಕುವೈತಿ ಮನೆತನದವರು ತಮ್ಮ ತಾತನ ಫೋಟೋ ತಂದುಕೊಟ್ಟು ಗೋಡೆಯಷ್ಟೆತ್ತರಕ್ಕೆ ಬರೆಸಿಕೊಳ್ಳುತ್ತಿದ್ದರು. ಕುದುರೆಗಳು, ಮುತ್ತು ಹೆಕ್ಕಲು ಹೊರಟ ಹಾಯಿದೋಣಿ, ಮುಂಗೈ ಮೇಲೆ ಕೂತ ಡೇಗೆ... ಎಲ್ಲವೂ ಜೀವಂತ. ಒಂದು ಕುದುರೆಯ ಕಣ್ಣಿನಲ್ಲಿ ಕಿಟಕಿಯ ಬೆಳಕು ಬಿದ್ದದ್ದನ್ನು ನೋಡಿ ನನ್ನ ಮಗಳು ಹೆದರಿ ನನ್ನ ಸೀರೆ ಹಿಡಿದುಕೊಂಡಿದ್ದಳು. ನನ್ನ ಗಂಡ, "ಎಂಥ ಕೈ ಮಾರಾಯ್ತಿ! ಫೋಟೋ ಸಾ ಹೀಗೆ ಬರುದಿಲ್ಲ" ಎಂದಿದ್ದರು. ನಾನು ಹೆಮ್ಮೆಯಿಂದ ಅದನ್ನು ಅಕ್ಕನಿಗೆ ಹೇಳಿದೆ. ಅವರಿಗೆ ಅಷ್ಟೇನೂ ಖುಷಿಯಾದಂತೆ ಕಾಣಲಿಲ್ಲ. ಕೀವ್‌ನ ಕಲಾಶಾಲೆಯಲ್ಲಿ ತಮ್ಮ ಮೇಷ್ಟ್ರೊಬ್ಬರಿದ್ದರಂತೆ. ಮನೆಯ ಬಾಗಿಲು ಹಾಕಿಕೊಂಡು ಬರೀ ಬಣ್ಣ ಬರೀ ಗೆರೆಯ ಚಿತ್ರ ಬರೆಯುತ್ತಿದ್ದರಂತೆ. ಅಂಥ ಚಿತ್ರ ಸೋವಿಯತ್ ಸರ್ಕಾರಕ್ಕೆ ಆಗುತ್ತಿರಲಿಲ್ಲ, ಮೇಲಿನವರಿಗೆ ಗೊತ್ತಾಗಿ ಕೆಲಸ ಹೋಯಿತು. "ನಾವು ಕುದುರೆ ಬರೆದೆವು, ಟ್ರ್ಯಾಕ್ಟರ್ ಬರೆದೆವು, ನಗುವ ರೈತರನ್ನು ಬರೆದೆವು. ಪಾಸಾದೆವು" ಎಂದರು. ಆಮೇಲೆ ಬ್ರಷ್ ಒರೆಸತೊಡಗಿದರು.

1990ರ ಬೇಸಿಗೆಯಲ್ಲಿ ಅಕ್ಕನ ಮನೆಯಲ್ಲಿ ಎರಡು ಚಿತ್ರಗಳು ಒಟ್ಟಿಗೆ ನಡೆಯುತ್ತಿದ್ದವು. ಒಂದು ಒಬ್ಬ ಯುವ ಕುವೈತಿ ಸೇನಾಧಿಕಾರಿಯದು. ಅವನ ತಾಯಿ, ವಿಧವೆ, ಮಗನಿಗೆ ಬಡ್ತಿ ಸಿಕ್ಕಿದ ಸಂತೋಷಕ್ಕೆ ಸಮವಸ್ತ್ರದ ಫೋಟೋ ಕೊಟ್ಟು ಬರೆಸುತ್ತಿದ್ದರು. ವಾರಕ್ಕೊಮ್ಮೆ ಬಂದು, ಕಪ್ಪು ಅಬಾಯಾ ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ಮೂಗು ಇನ್ನೂ ಸ್ವಲ್ಪ ಅವನಪ್ಪನ ಹಾಗೆ" ಎಂದು ತಿದ್ದಿಸುತ್ತಿದ್ದರು. ಇನ್ನೊಂದು ನನ್ನದೂ ನನ್ನ ಮಗಳದೂ. ಅದಕ್ಕೆ ಯಾರೂ ಕೇಳಿರಲಿಲ್ಲ, ಅಕ್ಕನೇ ಆಸೆಪಟ್ಟು ಶುರುಮಾಡಿದ್ದರು. ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನಾನು ಮದುವೆಯ ಮೈಸೂರು ರೇಷ್ಮೆ ಉಟ್ಟು ಕೂರುತ್ತಿದ್ದೆ. ಸೀರೆ ಮುಗಿದಿತ್ತು, ಕೈಗಳು ಮುಗಿದಿದ್ದವು, ಮಗಳ ಕಾಲ್ಗೆಜ್ಜೆಯೂ ಬಂದಿತ್ತು. ಮುಖಗಳು ಬಾಕಿ ಇದ್ದವು.

ಆಗಸ್ಟ್ ಎರಡನೇ ತಾರೀಕು ಬೆಳಿಗ್ಗೆ ಎದ್ದಾಗ ಬೀದಿಯಲ್ಲಿ ಇರಾಕಿನ ಟ್ಯಾಂಕುಗಳಿದ್ದವು. ಆ ದಿನಗಳ ಕಥೆಯನ್ನು ಬೇಕಾದಷ್ಟು ಜನ ಹೇಳಿದ್ದಾರೆ, ನಾನು ಮತ್ತೆ ಹೇಳುವುದಿಲ್ಲ. ಕಂಪನಿಗಳು ಮುಚ್ಚಿದವು. ಕುಬ್ಬೂಸ್ ರೊಟ್ಟಿಗೆ ಸಾಲು ನಿಲ್ಲಬೇಕಾಯಿತು. ನಮ್ಮವರು ಒಬ್ಬೊಬ್ಬರೇ ಊರಿನ ದಾರಿ ಹುಡುಕತೊಡಗಿದರು. ಅಕ್ಕನ ಗಂಡ ಮಾತ್ರ ಎಂದಿನಂತೆ ಕೆಲಸಕ್ಕೆ ಹೋದರು. ಇರಾಕಿ ಸೈನಿಕರು ಸ್ಥಾವರದ ಗೇಟಿನಲ್ಲಿ ನಿಂತಿದ್ದರು. ಅನೇಕರು ಕೆಲಸಕ್ಕೆ ಬರುವುದನ್ನೇ ನಿಲ್ಲಿಸಿದ್ದರು. ನನ್ನ ಗಂಡ ಮೆಟ್ಟಿಲ ಮೇಲೆ ಅವರನ್ನು ನಿಲ್ಲಿಸಿ, "ಭಾಯಿ, ನಿಮಗೆ ಅಲ್ಲಿಗೆ ಹೋಗದೆ ಆಗುದಿಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. "ನಾನು ಹೋಗದಿದ್ದರೆ ನಿಮ್ಮ ಮನೆ ನಲ್ಲಿಯಲ್ಲಿ ನಾಳೆ ಏನು ಬರುತ್ತದೆ?" ಎಂದು ಆತ ತಿರುಗಿ ಕೇಳಿದರು. ಆಗಸ್ಟಿನ ಕುವೈತಿನಲ್ಲಿ ನೀರಿಲ್ಲದಿದ್ದರೆ ಏನಾಗುತ್ತದೆಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಕೆಲವು ದಿನಗಳಲ್ಲಿ ಮನೆಮನೆ ಶೋಧ ಶುರುವಾಯಿತು. ಕುವೈತಿ ಸೇನೆಯವರು, ಪೊಲೀಸರು ಎಲ್ಲಿ ಅಡಗಿದ್ದಾರೆಂದು ಇರಾಕಿ ಸೈನಿಕರು ಹುಡುಕುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ನಮ್ಮ ಬಾಗಿಲು ಬಡಿದರು. ಒಳಗೆ ಬರಲಿಲ್ಲ, ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಪಕ್ಕದ ಬೀದಿಯಲ್ಲಿ ಶೋಧ ನಡೆಯುತ್ತಿದೆ ಎಂದು ಯಾರೋ ಹೇಳಿದ್ದರು. ಹಾಲ್‌ನ ಮಧ್ಯೆ ಆ ಸೇನಾಧಿಕಾರಿಯ ಚಿತ್ರ ನಿಂತಿತ್ತು. ಎಳೆ ಮೀಸೆ, ತುಂಬು ಕೆನ್ನೆ, ಎಡಗಣ್ಣಿನ ಹತ್ತಿರ ಒಂದು ಸಣ್ಣ ಗಾಯದ ಕಲೆ. ಯಾರು ನೋಡಿದರೂ ಬೀದಿಯಲ್ಲಿ ಗುರುತು ಹಿಡಿಯಬಹುದಾದಷ್ಟು ಸ್ಪಷ್ಟ. ಆ ಹುಡುಗ ಊರಲ್ಲೇ ಎಲ್ಲೋ ಅಡಗಿದ್ದಾನೆಂಬುದು ಅಕ್ಕನಿಗೆ ಗೊತ್ತಿತ್ತು. ತಾಯಿ ಸೌದಿಗೆ ದಾಟಿ ಹೋಗಿದ್ದರು, ಮಗ ಹೋಗಿರಲಿಲ್ಲ.

"ಈ ಮುಖ ಇಲ್ಲಿರಬಾರದು" ಎಂದರು ಅಕ್ಕ.

"ಬಟ್ಟೆ ಸುತ್ತಿ ಎಲ್ಲಾದರೂ ಇಡೋಣ" ಎಂದೆ.

"ಬಟ್ಟೆ ಬಿಚ್ಚುತ್ತಾರೆ, ಹಬೀಬ್ತಿ."

ಬಾಗಿಲಿಗೂ ಕಿಟಕಿಯ ಕಂಬಿಗೂ ಬಳಿಯುವ ಕಪ್ಪು ಪೇಂಟಿನ ಡಬ್ಬಿಯೊಂದು ಮನೆಯಲ್ಲಿತ್ತು. ಅದನ್ನು ತೆರೆದರು. ದೊಡ್ಡ ಬ್ರಷ್ ಅದ್ದಿದರು. ಆದರೆ ಕೈ ಏಳಲಿಲ್ಲ. ನಾನು ನೋಡುತ್ತಿದ್ದೆ... ಎರಡು ಸಲ ಬ್ರಷ್ ಚಿತ್ರದ ಹತ್ತಿರ ಹೋಗಿ ಹಿಂದಕ್ಕೆ ಬಂತು. ಮೂರನೇ ಸಲ ಅಕ್ಕ ಕಣ್ಣು ಮುಚ್ಚಿಕೊಂಡು ಕಣ್ಣುಗಳ ಮೇಲೇ ಮೊದಲು ಎಳೆದರು. ಆಮೇಲೆ ಹಣೆ, ಮೂಗು, ಬಾಯಿ. ಸಮವಸ್ತ್ರದ ಗುಂಡಿಗಳು. ಮುಗಿದಾಗ ನಮ್ಮಿಬ್ಬರ ಮೈಯಲ್ಲೂ ಬೆವರು. ತಾಯಿ ಕೊಟ್ಟಿದ್ದ ಫೋಟೋವನ್ನು ಒಲೆಯ ಮೇಲೆ ಹಿಡಿದು ಸುಟ್ಟದ್ದನ್ನೂ ನಾನು ನೋಡಿದೆ.

ಸೈನಿಕರು ಆ ಮಧ್ಯಾಹ್ನವೇ ಬಂದರು. ನಾನು ಮಗಳನ್ನು ಎತ್ತಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಎದುರು ಬಾಗಿಲು ತೆರೆದೇ ಇತ್ತು, ಎಲ್ಲ ಕಾಣುತ್ತಿತ್ತು. ಕಪಾಟು, ಮಂಚದ ಅಡಿ ಎಲ್ಲ ನೋಡಿದ ಮೇಲೆ ಅವರಲ್ಲೊಬ್ಬ ಕಪ್ಪು ಚಿತ್ರದ ಮುಂದೆ ನಿಂತ. ಪೇಂಟು ಇನ್ನೂ ಹಸಿಯಾಗಿತ್ತು. "ಇದೇನು?" ಎಂದ. ಅಕ್ಕ ನೇರವಾಗಿ ಅವನನ್ನೇ ನೋಡಿ, "ಲೈಲ್" ಎಂದರು. ಲೈಲ್ ಎಂದರೆ ರಾತ್ರಿ. ಅವನು ತನ್ನ ಜೊತೆಯವನಿಗೆ ಏನೋ ಹೇಳಿ ನಕ್ಕ. ಹುಚ್ಚು ಹೆಂಗಸು ಎಂದಿರಬೇಕು. ಹೊರಟುಹೋದರು.

ಅವರ ಬೂಟಿನ ಸದ್ದು ಕೆಳಗಿಳಿದ ಮೇಲೆ ನಾನು ಒಳಗೆ ಹೋದೆ. ಅಕ್ಕ ನೆಲದ ಮೇಲೆ ಕೂತು ಆ ಕಪ್ಪನ್ನು ನೋಡುತ್ತಿದ್ದರು. ಬ್ರಷ್ ಹೋದ ದಾರಿಗಳು ಅದರಲ್ಲಿ ಕಾಣುತ್ತಿದ್ದವು, ಒಂದು ಕಡೆ ದಪ್ಪ, ಒಂದು ಕಡೆ ತೆಳು. ಬೆಳಕು ಒಂದೊಂದು ಗೆರೆಯ ಮೇಲೆ ಒಂದೊಂದು ಥರ ಕೂತಿತ್ತು. ಅಳುತ್ತಾರೆಂದುಕೊಂಡಿದ್ದೆ. ಅಳಲಿಲ್ಲ. ಬಹಳ ಹೊತ್ತು ನೋಡಿದರು. ನಾನು ಚಹಾ ಮಾಡಿ ತಂದಿಟ್ಟೆ, ಅದು ಆರಿಹೋಯಿತು.

ಸೆಪ್ಟೆಂಬರಿನಲ್ಲಿ ನಾವು ಹೊರಟೆವು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಗಡಿ, ಅಮ್ಮಾನಿನಿಂದ ವಿಮಾನ. "ನೀವೂ ಹೊರಡಿ ಅಕ್ಕ, ನಿಮ್ಮ ದೇಶದವರೂ ಹೋಗ್ತಿದ್ದಾರಲ್ಲ" ಎಂದೆ. "ಅವರು ಬರುವುದಿಲ್ಲ" ಎಂದರು, ಗಂಡನ ವಿಷಯ. "ನೀರು ಬಿಟ್ಟು ಬರುವುದಿಲ್ಲ. ನಾನು ಅವರನ್ನು ಬಿಟ್ಟು ಬರುವುದಿಲ್ಲ." ಅಕ್ಕನ ತಾಯಿಯನ್ನು ಹದಿನಾರನೇ ವಯಸ್ಸಿನಲ್ಲಿ ಎರಡನೇ ಮಹಾಯುದ್ಧವು ರೈಲಿನಲ್ಲಿ ತುಂಬಿ ಜರ್ಮನಿಗೆ ಒಯ್ದಿತ್ತು. ಗಂಡನ ಮನೆಯವರನ್ನು ಇನ್ನೊಂದು ಯುದ್ಧ ಸಮುದ್ರತೀರದ ಊರಿನಿಂದ ಓಡಿಸಿತ್ತು. ಇದನ್ನೆಲ್ಲ ನಾನು ಚಿತ್ರಕ್ಕೆ ಕೂತ ಬೆಳಿಗ್ಗೆಗಳಲ್ಲಿ ಕೇಳಿದ್ದೆ, ಆಗ ಯಾವುದೋ ಕಾಲದ ಕಥೆಯ ಹಾಗೆ ಕೇಳಿಸಿತ್ತು. ಆ ದಿನ ಮೆಟ್ಟಿಲಿಳಿಯುವಾಗ ಹಾಗೆ ಕೇಳಿಸಲಿಲ್ಲ. ಅಕ್ಕ ನನ್ನ ಮಗಳ ಎರಡು ಕೆನ್ನೆಗೂ ಮುತ್ತಿಟ್ಟು, "ಮುಖ ಆಮೇಲೆ ಬರೆಯುತ್ತೇನೆ" ಎಂದರು.

ಯುದ್ಧ ಮುಗಿದ ಮೇಲೆ ಕಂಪನಿಯವರು ನನ್ನ ಗಂಡನನ್ನು ಮತ್ತೆ ಕರೆಸಿಕೊಂಡರು. ನಾನೂ ಮಗಳೂ ಹೋದದ್ದು 1991ರ ಜುಲೈನಲ್ಲಿ. ಹಗಲು ಹನ್ನೆರಡಕ್ಕೂ ಕಾರುಗಳು ದೀಪ ಹಾಕಿಕೊಂಡು ಓಡಾಡುತ್ತಿದ್ದವು. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು, ಗಾಳಿ ಈ ಕಡೆ ತಿರುಗಿದ ದಿನ ಆಕಾಶವೇ ಇರುತ್ತಿರಲಿಲ್ಲ. ಒಗೆದು ಹಾಕಿದ ಬಟ್ಟೆಯ ಮೇಲೆ ಜಿಡ್ಡು ಮಸಿ ಕೂರುತ್ತಿತ್ತು. ಕಟ್ಟಡ ಅರ್ಧ ಖಾಲಿ. ನಮ್ಮ ಮನೆಯಲ್ಲಿ ಫ್ಯಾನು, ಪಾತ್ರೆ, ಹಾಸಿಗೆ ಯಾವುದೂ ಉಳಿದಿರಲಿಲ್ಲ.

ಮೆಟ್ಟಿಲು ಹತ್ತುವಾಗಲೇ ನನ್ನ ಗಂಡ ತಗ್ಗಿದ ದನಿಯಲ್ಲಿ ಹೇಳಿದರು. "ಎದುರುಮನೆ ಭಾಯಿಯನ್ನು ಪೊಲೀಸರು ಕೊಂಡು ಹೋಗಿದ್ದಾರೆ. ಎರಡನೇ ಸಲ. ಇರಾಕಿನವರಿಗೆ ಕೆಲಸ ಮಾಡಿದ್ದು ಅಂತ ಕೇಸು. ನೀನು ಆ ಮನೆಗೆ ಜಾಸ್ತಿ ಹೋಗ್ಬೇಡ ಮಾರಾಯ್ತಿ, ನಮ್ಮ ಇಕಾಮಾಕ್ಕೂ ತೊಂದರೆ ಆದೀತು, ಇಲ್ಲಿ ಇರುವ ಪರ್ಮಿಟ್ ಹೋದ್ರೆ ಮತ್ತೆ ಎಂಥ ಮಾಡುದು?"

"ಅವರು ನೀರಿಗೆ ಕೆಲಸ ಮಾಡಿದ್ದು ರೀ. ನಾವೂ ಅದೇ ನೀರು ಕುಡಿದ್ವಲ್ಲ."

"ಅದು ನಂಗೂ ಗೊತ್ತುಂಟು. ಕೇಳುವವರು ಯಾರು?" ಎಂದರು. ಅವರ ದನಿಯಲ್ಲಿ ನಾಚಿಕೆಯಿತ್ತು. ಸಾಮಾನು ಒಳಗಿಟ್ಟ ಮೇಲೆ ತಾವೇ ಎದುರು ಬಾಗಿಲಿನ ಕಡೆ ತಲೆ ಆಡಿಸಿ, "ಹೋಗಿ ಬಾ" ಎಂದರು.

ಅಕ್ಕ ಬಾಗಿಲು ತೆರೆದಾಗ ನನಗೆ ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು. ಅಷ್ಟು ಇಳಿದುಹೋಗಿದ್ದರು. ಅಪ್ಪಿಕೊಂಡೆವು. ಆಮೇಲೆ ಅವರ ಭುಜದ ಮೇಲಿಂದ ನನಗೆ ಗೋಡೆಗಳು ಕಂಡವು.

ಕುದುರೆ ಇರಲಿಲ್ಲ. ದೋಣಿ ಇರಲಿಲ್ಲ. ಗೋಡೆಗೊರಗಿಸಿಟ್ಟ ಚಿತ್ರಗಳಲ್ಲಿ ಒಂದರಲ್ಲೂ ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಒಂದರಲ್ಲಿ ಕೆಳಗಿನಿಂದ ಮೇಲಿನವರೆಗೂ ಹಳದಿ, ಅದರ ಬಲಗಡೆ ಅಂಚಿನಲ್ಲಿ ಕಡ್ಡಿಯಷ್ಟು ಸಣ್ಣ ಕೆಂಪು. ಇನ್ನೊಂದರಲ್ಲಿ ಬೂದುಬಣ್ಣದ ಮೇಲೆ ಬೂದುಬಣ್ಣ, ಮಧ್ಯೆ ಯಾರೋ ಬಾಚಣಿಗೆಯಿಂದ ಎಳೆದ ಹಾಗೆ ಬಿಳಿ ಗೀರುಗಳು. ಮತ್ತೊಂದು ಬರೀ ಕಪ್ಪು, ಆದರೆ ಹತ್ತಿರ ಹೋದರೆ ಆ ಕಪ್ಪು ಒಂದೇ ಕಪ್ಪಲ್ಲ. ಬಣ್ಣ ಸಿಗದೆ ಅಕ್ಕ ಬಾಲ್ಕನಿಯ ಕಟ್ಟೆಯಿಂದ ಮಸಿ ಗೋರಿಕೊಂಡು ಅಗಸೆ ಎಣ್ಣೆಯಲ್ಲಿ ಕಲಸಿದ್ದರು. ಬ್ರಷ್‌ಗಳು ಸವೆದ ಮೇಲೆ ಕುಬ್ಬೂಸ್ ಮಗುಚುವ ಚಮಚದಲ್ಲಿ ಬಳಿದಿದ್ದರು. ಕ್ಯಾನ್ವಾಸ್ ಮುಗಿದ ಮೇಲೆ ಹಳೇ ಚಿತ್ರಗಳ ಮೇಲೆಯೇ ಬರೆದಿದ್ದರು.

"ನಾವೆಲ್ಲಿದ್ದೀವಿ?" ಎಂದೆ, ನನ್ನ ಚಿತ್ರ ನೆನಪಾಗಿ. ಅಕ್ಕ ಆ ಹಳದಿಯನ್ನು ತೋರಿಸಿದರು. "ಒಳಗೆ. ನೀನು, ಮಗು, ಸೀರೆ, ಎಲ್ಲ. ಯಾರಿಗೂ ಸಿಗುವುದಿಲ್ಲ" ಎಂದು ಸ್ವಲ್ಪ ನಕ್ಕರು.

ನನಗೆ ಚಿತ್ರದ ವಿಷಯ ಗೊತ್ತಿಲ್ಲ, ಇವತ್ತಿಗೂ ಗೊತ್ತಿಲ್ಲ. ಅವತ್ತು ಕೇಳಿದೆ, ಇನ್ನೂ ಹೆದರಿಕೆಯಾ ಅಕ್ಕ, ಯಾಕೆ ಹೀಗೆ ಬರೆಯುತ್ತೀರಿ ಎಂದು. ಮೊದಲು ಹೆದರಿಕೆಯೇ ಇತ್ತು ಎಂದರು. ಮುಖ ಬರೆದರೆ ಯಾರೋ ಬಂದು ಇವನು ಯಾರು, ಎಲ್ಲಿದ್ದಾನೆ ಎಂದು ಕೇಳುತ್ತಾರೆ. ಆಮೇಲೆ ತಿಂಗಳುಗಟ್ಟಲೆ ಬರೆಸುವವರಿಲ್ಲ, ಕೊಳ್ಳುವವರಿಲ್ಲ, ಚೆನ್ನಾಗಿದೆ ಎನ್ನುವವರೂ ಇಲ್ಲ. ಹುಟ್ಟಿದ ಮೇಲೆ ಮೊದಲ ಸಲ ಯಾರಿಗಾಗಿಯೂ ಅಲ್ಲದೆ ಬರೆದೆ ಎಂದರು. "ಇದು ಅಡಗಿಸುವುದಲ್ಲ ಈಗ. ನನಗೆ ಹೀಗೆಯೇ ಕಾಣುತ್ತಿದೆ." ಇಷ್ಟು ಹೇಳಿ, "ಇದನ್ನು ಕಲಿಯಲು ನನಗೆ ಒಂದು ಯುದ್ಧ ಬೇಕಾಯಿತು. ಎಷ್ಟು ದಡ್ಡಿ ನೋಡು" ಎಂದರು.

ಆಗಸ್ಟಿನ ಕೊನೆಯಲ್ಲಿ ಒಂದು ಸಂಜೆ ರೇಡಿಯೋ ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. ಅವರ ನಾಡು ಸ್ವತಂತ್ರವಾಗಿದೆ ಎಂದು ಸುದ್ದಿ ಬಂದಿತ್ತು. "ಇನ್ನು ಯಾರೂ ನನ್ನನ್ನು ರೂಸಿಯಾ ಎನ್ನುವಂತಿಲ್ಲ" ಎಂದು ನಕ್ಕರು. ನಾನು ಇದ್ದ ಸ್ವಲ್ಪ ರವೆಯಲ್ಲಿ ಕೇಸರಿಬಾತ್ ಮಾಡಿದೆ. ಎರಡು ಚಮಚ ತಿಂದು ತಟ್ಟೆ ಕೆಳಗಿಟ್ಟರು. ಜೇಬಿನಿಂದ ಕೆಂಪು ಸೋವಿಯತ್ ಪಾಸ್‌ಪೋರ್ಟ್ ತೆಗೆದು ತಿರುಗಿಸಿ ನೋಡಿದರು. ಆ ದೇಶ ಇನ್ನೆಷ್ಟು ದಿನ ಇರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಈ ಸುದ್ದಿಯನ್ನು ಹಂಚಿಕೊಳ್ಳಬೇಕಾದವರು ಲಾಕಪ್ಪಿನಲ್ಲಿದ್ದರು. ನನ್ನ ಗಂಡ ಕಿಟಕಿಯ ಕಡೆ ಮುಖ ತಿರುಗಿಸಿ ನಿಂತರು.

ಆ ಸೇನಾಧಿಕಾರಿಯ ತಾಯಿ ಬಂದದ್ದು ಇದಾದ ಸ್ವಲ್ಪ ದಿನಕ್ಕೆ. ಲಿಫ್ಟ್ ಕೆಟ್ಟಿತ್ತು. ಮೂರು ಮಹಡಿ ಹತ್ತಿ, ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ ಅವರನ್ನು ಮೊದಲು ನೋಡಿದವಳು ನಾನೇ. ಅಕ್ಕನ ಮನೆಯೊಳಗೆ ಕರೆದೊಯ್ದು ಕೂರಿಸಿ ನೀರು ಕೊಟ್ಟೆ. ಮಗ ಎಂಬ ಮಾತು ಬರುವ ಮೊದಲೇ ಅಕ್ಕನಿಗೆ ಗೊತ್ತಾಗಿತ್ತು. ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅವನು ಸಿಕ್ಕಿಬಿದ್ದಿದ್ದ. ಚಿತ್ರದಿಂದಲ್ಲ, ಬೇರೆ ಯಾರೋ ತೋರಿಸಿಕೊಟ್ಟದ್ದು. ಗಡಿಯಾಚೆಗೆ ಒಯ್ದರು ಎಂದು ನೋಡಿದವರು ಹೇಳಿದ್ದರು. ಸೆರೆಯಾಳುಗಳು ವಾಪಸು ಬಂದ ಬಸ್ಸುಗಳಲ್ಲಿ ಅವನಿರಲಿಲ್ಲ. ಸೈನಿಕರು ಅವರ ಮನೆಯನ್ನು ದೋಚಿ ಬೆಂಕಿ ಹಚ್ಚಿದ್ದರು. ಆಲ್ಬಂಗಳು, ಮದುವೆಯ ಫೋಟೋಗಳು, ಗೋಡೆಯ ಮೇಲಿದ್ದವು ಎಲ್ಲ ಬೂದಿ.

"ನಿನ್ನ ಹತ್ತಿರ ಇದೆಯಲ್ಲ ಅವನ ಚಿತ್ರ" ಎಂದರು ತಾಯಿ. "ಅದನ್ನು ತೆಗೆದುಕೊಂಡು ಹೋಗಲು ಬಂದೆ."

ಅಕ್ಕ ಎದ್ದು ಒಳಗೆ ಹೋಗಿ ಆ ಮೊದಲ ಕಪ್ಪು ಚಿತ್ರವನ್ನು ತಂದು ಅವರ ಮುಂದಿಟ್ಟರು. ನಡೆದದ್ದನ್ನು ಹೇಳಿದರು. ನನಗೆ ಅವರ ಅರಬ್ಬಿ ಪೂರ್ತಿ ತಿಳಿಯಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಆ ತಾಯಿ ಕೈಚಾಚಿ ಕಪ್ಪನ್ನು ಮುಟ್ಟಿದರು. ಬೆರಳ ತುದಿಯಿಂದ ಹುಡುಕುತ್ತಿದ್ದ ಹಾಗೆ.

"ಈ ಕಪ್ಪು ತೆಗೆಯಲಾಗುತ್ತದಾ?"

"ನೋಡುತ್ತೇನೆ" ಎಂದರು ಅಕ್ಕ.

ಮರುದಿನದಿಂದ ಅಕ್ಕ ಬೇರೆ ಕೆಲಸ ಬಿಟ್ಟರು. ಹತ್ತಿ ಸುತ್ತಿದ ಕಡ್ಡಿ, ಟರ್ಪೆಂಟೈನ್, ಸಣ್ಣ ಚಾಕು. ನಾನು ಊಟ ಒಯ್ದಾಗಲೆಲ್ಲ ಅದರ ಮುಂದೆ ಬಗ್ಗಿ ಕೂತಿರುತ್ತಿದ್ದರು. ಬಾಗಿಲಿನ ಪೇಂಟು ಗಟ್ಟಿಯಾಗಿ ಕೂತುಬಿಟ್ಟಿತ್ತು. ಅವಸರದಲ್ಲಿ ಬಳಿದದ್ದು, ಕೆಳಗಿನ ಬಣ್ಣವೂ ಆಗ ಪೂರ್ತಿ ಒಣಗಿರಲಿಲ್ಲ, ಎರಡೂ ಒಂದಕ್ಕೊಂದು ಹಿಡಿದಿದ್ದವು. ಕಪ್ಪು ಎದ್ದರೆ ಜೊತೆಗೆ ಚರ್ಮದ ಬಣ್ಣವೂ ಎದ್ದು ಬರುತ್ತಿತ್ತು. ಒಂದು ಕಿವಿ ಸಿಕ್ಕಿತು. ಕಾಲರಿನ ತುದಿ ಸಿಕ್ಕಿತು. ಎಡಗಣ್ಣಿನ ಪಕ್ಕದ ಆ ಗಾಯದ ಕಲೆಯ ಹತ್ತಿರ ಬಂದು ಅಕ್ಕ ಚಾಕು ಕೆಳಗಿಟ್ಟರು. ಅದಕ್ಕಿಂತ ಒಳಗೆ ಕ್ಯಾನ್ವಾಸಿನ ನೂಲು ಮಾತ್ರ ಉಳಿದಿತ್ತು.

ಆಮೇಲೆ ಅವರು ಮುಖ ಬರೆಯಲು ಕೂತರು. ಹೊಸ ಬಟ್ಟೆಯ ಮೇಲೆ, ನೆನಪಿನಿಂದ. ಒಂದು ವರ್ಷದಿಂದ ಒಂದು ಕಣ್ಣನ್ನೂ ಬರೆದಿರದ ಕೈ. ಎಷ್ಟೋ ಸಲ ಬರೆದು ಒರೆಸಿದರು. "ಎಲ್ಲ ನೆನಪಿದೆ, ಹಬೀಬ್ತಿ. ಮೂಗು ಗೊತ್ತು, ತುಟಿ ಗೊತ್ತು. ಆದರೆ ಒಟ್ಟಿಗೆ ಇಟ್ಟರೆ ಅವನು ಬರುವುದಿಲ್ಲ" ಎಂದರು. ಅಂತೂ ಒಂದು ಮುಖ ಮೂಡಿತು. ನನಗೆ ಅದು ಅವನೇ ಅನ್ನಿಸಿತು.

ತಾಯಿ ಮತ್ತೆ ಬಂದರು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟಿದ್ದರು. ಹೊಸ ಮುಖವನ್ನು ಅವರು ತುಂಬ ಹೊತ್ತು ನೋಡಿದರು. ಅಕ್ಕ ಏಪ್ರನ್ ಅನ್ನು ಎರಡು ಕೈಯಲ್ಲೂ ಹಿಂಡಿಕೊಂಡು ನಿಂತಿದ್ದರು. "ಚೆನ್ನಾಗಿದ್ದಾನೆ" ಎಂದರು ತಾಯಿ ಕೊನೆಗೆ. "ಒಳ್ಳೆಯ ಹುಡುಗ. ಯಾರೋ ತಾಯಿಯ ಮಗ." ಮತ್ತೆ ಪಕ್ಕದ, ಕೆರೆದು ಗಾಯವಾಗಿದ್ದ ಕಪ್ಪಿನ ಕಡೆ ತಿರುಗಿದರು. ಅಲ್ಲಿ ಕಿವಿಯಿತ್ತು, ಕಾಲರಿತ್ತು, ಉಳಿದದ್ದೆಲ್ಲ ಕಪ್ಪು, ಬೂದು, ಬರಿಯ ನೂಲು. "ನನ್ನ ಮಗ ಇದರಲ್ಲಿದ್ದ. ಇದನ್ನೇ ಕೊಡು."

ಅಕ್ಕ ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ. ಕ್ಷಮಿಸಿ, ಕ್ಷಮಿಸಿ ಎನ್ನುತ್ತಿದ್ದರು, ಅರಬ್ಬಿಯಲ್ಲಿ ಶುರುವಾಗಿ ಅದು ತಮ್ಮ ಭಾಷೆಗೆ ಹೊರಳಿತ್ತು. ಆ ತಾಯಿ ಅವರ ತಲೆಯನ್ನು ತಮ್ಮ ಭುಜಕ್ಕೆ ಒರಗಿಸಿಕೊಂಡು, "ಖಲಾಸ್, ಯಾ ಬಿಂತಿ, ಖಲಾಸ್" ಎಂದರು. ಸಾಕು, ನನ್ನ ಮಗಳೇ, ಸಾಕು.

ಹೊರಡುವಾಗ ಬಾಗಿಲಲ್ಲಿ ನಿಂತು, "ನಿನ್ನ ಗಂಡ ಎಲ್ಲಿ?" ಎಂದು ಕೇಳಿದರು. ಅಕ್ಕ ಹೇಳಿದರು. ತಾಯಿ ಕೇಳಿಸಿಕೊಂಡು ಮೆಟ್ಟಿಲಿಳಿದರು. ಮರುದಿನ ಅವರೇ ಠಾಣೆಗೆ ಹೋಗಿ ಕೂತರಂತೆ. ನನ್ನ ಮಗನ ಮುಖವನ್ನು ಮುಚ್ಚಿಟ್ಟ ಮನೆ ಅದು, ಆ ಎಂಜಿನಿಯರ್ ಬಿಟ್ಟ ನೀರನ್ನೇ ಈ ಊರು ಕುಡಿದದ್ದು, ಅವನನ್ನು ಕೊಡುವವರೆಗೆ ಏಳುವುದಿಲ್ಲ ಎಂದರಂತೆ. ಹುತಾತ್ಮನ ತಾಯಿಯಂಥವರನ್ನು ಎಬ್ಬಿಸಿ ಕಳಿಸುವ ಧೈರ್ಯ ಅಲ್ಲಿ ಯಾರಿಗೂ ಬರಲಿಲ್ಲ. ಆ ವಾರದಲ್ಲಿ ಅಕ್ಕನ ಗಂಡ ಮನೆಗೆ ಬಂದರು. ಒಂದು ಕಾಲು ಎಳೆಯುತ್ತಿದ್ದರು. ನನ್ನ ಗಂಡ ಇಳಿದುಹೋಗಿ ತೋಳು ಹಿಡಿದು ಮೇಲಕ್ಕೆ ಕರೆತಂದರು. ಮೊದಲು ಮಾತುಗಾರರಾಗಿದ್ದ ಅಕ್ಕನ ಗಂಡ ಆಮೇಲೆ ಹೆಚ್ಚು ಮಾತಾಡಲೇ ಇಲ್ಲ.

ಬಿಡುಗಡೆ ಸಿಕ್ಕಿತು, ಇಕಾಮಾ ಸಿಗಲಿಲ್ಲ. ಕೆಲಸವೂ ಹೋಗಿತ್ತು. ಇರಾಕಿನ ಕಡೆಯವರೆಂಬ ಸಂಶಯಕ್ಕೆ ಸಿಕ್ಕಿ ಪ್ಯಾಲೆಸ್ಟೀನಿನವರೆಲ್ಲ ಹವಲ್ಲಿಯಿಂದ ಸಾಮಾನು ಕಟ್ಟಿ ಹೊರಡುತ್ತಿದ್ದ ಕಾಲ ಅದು. ಅಂಗಡಿಗಳು ಒಂದೊಂದಾಗಿ ಮುಚ್ಚಿ ಬೀದಿಗಳೇ ಬೋಳಾದವು. ಆ ತಾಯಿ ಇಕಾಮಾಕ್ಕೂ ಓಡಾಡುತ್ತೇನೆ ಎಂದರು. ಅಕ್ಕನ ಗಂಡ ಬೇಡ ಎಂದರು. ಅಮ್ಮಾನಿನಲ್ಲಿ ಅವರ ತಮ್ಮನ ಮನೆಯಿತ್ತು, ಅಲ್ಲಿಗೆ ಹೋಗುವುದೆಂದಾಯಿತು.

ಹೊರಡುವ ದಿನ ಅಕ್ಕ ಚಿತ್ರಗಳನ್ನು ಚೌಕಟ್ಟಿನಿಂದ ಬಿಡಿಸಿ ಚಾಪೆಯ ಹಾಗೆ ಸುತ್ತಿದರು. ನಾನು ಹುರಿ ಹಿಡಿದುಕೊಂಡೆ, ಅವರು ಗಂಟು ಹಾಕಿದರು. ಹಳದಿ ಚಿತ್ರವನ್ನು ನನಗೆ ಕೊಡಲೆಂದು ಬದಿಗಿಟ್ಟಿದ್ದರು. ಆದರೆ ಸುತ್ತುವಾಗ ನೋಡಿದರೆ, ಅದರ ಮೇಲಿನ ಬಣ್ಣ ಇನ್ನೂ ಮೆತ್ತಗಿತ್ತು, ಅಂಟುತ್ತಿತ್ತು. ಒಣಗಲಿ, ಅಮ್ಮಾನಿನಿಂದ ಕಳಿಸುತ್ತೇನೆ ಎಂದರು. ನಾನೂ ಒತ್ತಾಯ ಮಾಡಲಿಲ್ಲ. ಅಮ್ಮಾನಿನಿಂದ ಎರಡು ಸಲ ಫೋನ್ ಬಂತು. ಎರಡನೇ ಸಲ, ಕೀವ್‌ಗೆ ಹೋಗುವ ಯೋಚನೆಯಿದೆ, ಗಂಡನ ಕಾಲಿಗೆ ಅಲ್ಲಿ ಚಿಕಿತ್ಸೆ ಸಿಗಬಹುದು, ನನ್ನ ಅಮ್ಮ ಇನ್ನೂ ಇದ್ದಾಳೆ ಎಂದರು. "ಬರೀತಿದೀರಾ ಅಕ್ಕ?" ಎಂದೆ. "ಬರೀತಿದ್ದೇನೆ. ಇಲ್ಲಿ ಬೆಳಕು ಬೇರೆ ಥರ" ಎಂದರು. ಲೈನ್ ಕಡಿದುಹೋಯಿತು. ಆಮೇಲೆ ನಾವು ಮೈದಾನ್ ಹವಲ್ಲಿ ಬಿಟ್ಟು ಫರ್ವಾನಿಯಾಕ್ಕೆ ಮನೆ ಬದಲಿಸಿದೆವು, ಫೋನ್ ನಂಬರ್ ಬದಲಾಯಿತು. ಅವರದೂ ಬದಲಾಗಿರಬೇಕು. ಆ ಕಾಲದಲ್ಲಿ ಜನ ಕಳೆದುಹೋಗುವುದಕ್ಕೆ ಅಷ್ಟು ಸಾಕಾಗಿತ್ತು.

ಎಲ್ಲೋ ಒಂದು ಗೋಡೆಯ ಮೇಲೋ, ಒಂದು ಉಗ್ರಾಣದ ಮೂಲೆಯಲ್ಲೋ ಆ ಹಳದಿಯ ಕೆಳಗೆ ನಾನು ರೇಷ್ಮೆ ಸೀರೆಯುಟ್ಟು ಕೂತಿರಬಹುದು. ಇಲ್ಲದೆಯೂ ಇರಬಹುದು.

ಈಗ ನಾವು ಮಂಗಳೂರಿನಲ್ಲಿದ್ದೇವೆ. ಮಗಳು ಇಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕೀವ್ ಮೇಲೆ ಬಾಂಬು ಬೀಳುತ್ತಿದೆ ಎಂದು ಟಿವಿಯಲ್ಲಿ ಮೊದಲು ಬಂದ ದಿನ ಅವಳನ್ನು ಕೂರಿಸಿಕೊಂಡು ಕಂಪ್ಯೂಟರಿನಲ್ಲಿ ಹುಡುಕಿಸಿದೆ. ಅಕ್ಕನ ಹೆಸರು ಹೇಳಿದೆ. ಆ ಹೆಸರಿನ ಸಾವಿರಾರು ಹೆಂಗಸರು ಬಂದರು. "ಮನೆತನದ ಹೆಸರು ಏನಮ್ಮ? ಸ್ಪೆಲ್ಲಿಂಗ್?" ಎಂದಳು. ನನಗೆ ಗೊತ್ತಿರಲಿಲ್ಲ. ಗಂಡನ ಹೆಸರಿನಿಂದಲೂ ನೋಡಿದಳು, ಚಿತ್ರಕಲೆ ಎಂದು ಸೇರಿಸಿಯೂ ನೋಡಿದಳು. "ಸಿಗ್ತಾ ಇಲ್ಲಮ್ಮ" ಎಂದು ನನ್ನ ಬೆನ್ನು ಸವರಿದಳು. ಅವಳಿಗೆ ಅಕ್ಕ ನೆನಪಿಲ್ಲ. ಯಾವುದೋ ಕುದುರೆಗೆ ಹೆದರಿದ್ದು ಮಾತ್ರ ಸ್ವಲ್ಪ ನೆನಪಂತೆ.

ಅಕ್ಕನಿಗೆ ಈಗ ಎಂಬತ್ತರ ಹತ್ತಿರ ಆಗಿರಬೇಕು, ಇದ್ದರೆ. ಭೂಮಿಯೊಳಗಿನ ರೈಲು ನಿಲ್ದಾಣಗಳಲ್ಲಿ ಕಂಬಳಿ ಹೊದ್ದು ಕೂತ ಮುದುಕಿಯರನ್ನು ಸುದ್ದಿಯಲ್ಲಿ ತೋರಿಸುವಾಗ ನಾನು ಒಬ್ಬೊಬ್ಬರನ್ನೇ ನೋಡುತ್ತೇನೆ. ನನ್ನ ಗಂಡ, "ಬಂದ್ ಮಾಡು ಮಾರಾಯ್ತಿ, ನಿಂಗೆ ನಿದ್ರೆ ಬರುದಿಲ್ಲ ಮತ್ತೆ" ಎನ್ನುತ್ತಾರೆ. ಆದರೂ ನೋಡುತ್ತೇನೆ. ಅವರ ದನಿ ನೆನಪಿದೆ, ಬಣ್ಣ ಹಿಡಿದ ಬೆರಳುಗಳು ನೆನಪಿವೆ, ನಿಂತ ರೀತಿ ನೆನಪಿದೆ. ಮುಖ ಸರಿಯಾಗಿ ನೆನಪಾಗುತ್ತಿಲ್ಲ. ನಮ್ಮ ಹತ್ತಿರ ಒಂದು ಫೋಟೋ ಕೂಡ ಇಲ್ಲ. ಆ ಮುದುಕಿಯರ ನಡುವೆ ಅವರಿದ್ದರೂ ನನಗೆ ಗೊತ್ತಾಗುತ್ತದೋ ಇಲ್ಲವೋ...